ಜಿನೀವಾದ ಪ್ರಶ್ನೆ, ವಿಜಾಪುರದ ಹಾಜರಿ ಪುಸ್ತಕ

2007ರ ಮಾರ್ಚ್‌ನಲ್ಲಿ ಜಿನೀವಾದಿಂದ ಭಾರತ ಸರ್ಕಾರಕ್ಕೆ ಬಂದ ದಾಖಲೆಯೊಂದರ 11ನೇ ಪ್ಯಾರಾ ತೀರಾ ಚಿಕ್ಕದು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಕಳ್ಳರೆಂದು ಪಟ್ಟಿಯಾದ ಸಮುದಾಯಗಳಿಗೆ ಆ ಕಳಂಕ ಇನ್ನೂ ತಪ್ಪಿಲ್ಲ; ಚಾಳಿಬಿದ್ದ ಅಪರಾಧಿಗಳ ಕಾಯ್ದೆ ಅದನ್ನು ಮುಂದುವರಿಸಿದೆ; ಆ ಕಾಯ್ದೆಯನ್ನು ರದ್ದು ಮಾಡಿ, ಆ ಜನರಿಗೆ ನೆಲೆ ಕಲ್ಪಿಸಿ. ಇಷ್ಟೇ ಅದರ ಸಾರ. ಬರೆದದ್ದು ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿರ್ಮೂಲನಾ ಸಮಿತಿ. ಆ ಸಮಿತಿಯನ್ನು ಹುಟ್ಟುಹಾಕಿದ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2025ರ ಡಿಸೆಂಬರ್ 21ಕ್ಕೆ 60 ವರ್ಷ ತುಂಬಿತು.

ಈ ಒಪ್ಪಂದವನ್ನು ದಕ್ಷಿಣ ಆಫ್ರಿಕಾದ ಕಥೆ, ಅಮೆರಿಕದ ಕಥೆ ಎಂದಷ್ಟೇ ಓದುವುದು ನಮಗೆ ರೂಢಿ. ಆದರೆ ಕೃಷ್ಣಾ ದಂಡೆಯ ನಮ್ಮ ಚಿಕ್ಕಪಡಸಲಗಿಯಲ್ಲಿ ಕೂತು ಓದಿದರೆ ಅದರ ಒಂದು ಎಳೆ ನೇರವಾಗಿ ಹಳೆಯ ವಿಜಾಪುರ ಜಿಲ್ಲೆಗೆ ಬಂದು ಸೇರುತ್ತದೆ. ಈ ಸಂಚಿಕೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಓದುಗರ ಕೈಗೆ ಹೋಗುವುದರಿಂದ ಆ ಎಳೆಯನ್ನೇ ಹಿಡಿದು ಬರೆಯುತ್ತಿದ್ದೇನೆ.

ಶುರು ಹಲಗಲಿಯಿಂದಲೇ ಆಗಲಿ. 1857ರಲ್ಲಿ ಕಂಪನಿ ಸರ್ಕಾರ ಜನರ ಕೈಯಿಂದ ಆಯುಧ ಕಸಿಯುವ ಕಾಯ್ದೆ ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಗೆ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರ್‌ನಲ್ಲಿ 19 ಜನರನ್ನು ಗಲ್ಲಿಗೇರಿಸಿದರು: ಮುಧೋಳದಲ್ಲಿ 13, ಹಲಗಲಿಯಲ್ಲಿ 6. ಬೇಡರ ಮುಂದಾಳುಗಳಾದ ಜಡಗ, ಬಾಲರ ಹೆಸರುಗಳು ನಮಗೆ ಗೊತ್ತಿರುವುದು ಲಾವಣಿಯಿಂದ. ಅದನ್ನು ಬರೆದಿಟ್ಟುಕೊಂಡು ಅಚ್ಚು ಮಾಡಿಸಿದವನು ಜೆ.ಎಫ್. ಫ್ಲೀಟ್, ಅವನೂ ಅದೇ ಸರ್ಕಾರದ ಅಧಿಕಾರಿ. ಹಲಗಲಿಯಲ್ಲಿ ಕ್ರೌರ್ಯವಿತ್ತು, ಆದರೂ ಅಲ್ಲಿ ಸರ್ಕಾರ ಶಿಕ್ಷೆ ಕೊಟ್ಟದ್ದು ಒಂದು ಕೃತ್ಯಕ್ಕೆ. 14 ವರ್ಷದ ಮೇಲೆ ಬಂದ ಕಾಯ್ದೆಗೆ ಕೃತ್ಯವೇ ಬೇಕಿರಲಿಲ್ಲ.

1871ರ ಕಾಯ್ದೆ ಮೊದಲು ಉತ್ತರ ಹಿಂದೂಸ್ತಾನಕ್ಕೆ ಸೀಮಿತವಾಗಿತ್ತು. 1911ರಲ್ಲಿ ಅದನ್ನು ಹೊಸದಾಗಿ ಬರೆದು ಬ್ರಿಟಿಷ್ ಇಂಡಿಯಾಕ್ಕೆಲ್ಲ ಹಬ್ಬಿಸಿದರು, 1924ರಲ್ಲಿ ಮತ್ತೆ ಕ್ರೋಡೀಕರಿಸಿದರು. ಸರ್ಕಾರ ಒಂದು ಸಮುದಾಯವನ್ನು ಅಪರಾಧಿ ಬುಡಕಟ್ಟು ಎಂದು ಗೆಜೆಟ್‌ನಲ್ಲಿ ಪ್ರಕಟಿಸಿದರೆ ಮುಗಿಯಿತು, ಆ ಪ್ರಕಟಣೆಯನ್ನು ಯಾವ ಕೋರ್ಟಿನಲ್ಲೂ ಪ್ರಶ್ನಿಸುವಂತಿರಲಿಲ್ಲ. ಹೆಸರು ನೋಂದಾಯಿಸಿ ಬೆರಳಚ್ಚು ಕೊಡಬೇಕು. ಹೇಳಿದ ಹೊತ್ತಿಗೆ ಹಾಜರಿ ಹಾಕಬೇಕು. ಊರು ಬಿಡಬೇಕಾದರೆ ಪಾಸು ಬೇಕು. 6 ವರ್ಷ ದಾಟಿದ, 18 ತುಂಬದ ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಸರ್ಕಾರಿ ಶಾಲೆಯಲ್ಲಿಡುವ ಅಧಿಕಾರವೂ ಕಾಯ್ದೆಯಲ್ಲಿತ್ತು. ತಂದೆ ಕಳ್ಳನಾದ್ದರಿಂದ ಮಗನೂ ಕಳ್ಳನಾಗುತ್ತಾನೆ ಎಂಬ ನಂಬಿಕೆಯ ಮೇಲೆ ನಿಂತ ಇದನ್ನು ಜನಾಂಗೀಯ ಕಾನೂನು ಎಂದು ಕರೆಯಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಮುಂಬಯಿ ಪ್ರಾಂತದಲ್ಲಿ ಇದರ ಪ್ರಯೋಗಶಾಲೆಯಾದದ್ದು ವಿಜಾಪುರ. ಛಪ್ಪರಬಂದರು ಈ ಜಿಲ್ಲೆಯ ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಮುಸಲ್ಮಾನರು. ಹೆಸರು ಚಪ್ಪರ ಕಟ್ಟುವ ಕಸುಬಿನದು, ಪೊಲೀಸರ ಕಡತದಲ್ಲಿ ಮಾತ್ರ ಖೋಟಾ ನಾಣ್ಯದವರು. ಹರಣಶಿಕಾರಿಗಳು ಬೇಟೆಯ ಮೇಲೆ ಬದುಕಿದವರು. ಗಂಟಿಚೋರರಿಗೆ ಪಾಪ, ಹೆಸರಿನಲ್ಲೇ ಆಪಾದನೆ ಅಂಟಿಕೊಂಡಿದೆ. ಈ ಮೂರು ಸಮುದಾಯಗಳನ್ನು ಒಂದೆಡೆ ಕೂರಿಸಿ ಸುಧಾರಿಸುವ ಕೆಲಸವನ್ನು ಒ.ಎಚ್.ಬಿ. ಸ್ಟಾರ್ಟ್ ಎಂಬ ಐ.ಸಿ.ಎಸ್. ಅಧಿಕಾರಿ ವಿಜಾಪುರದಲ್ಲಿ ಹಿಡಿದದ್ದು 1911ರ ಕಾಯ್ದೆಯ ಆಸುಪಾಸಿನಲ್ಲಿ. ಮುಂದೆ ಅವನು ಇಡೀ ಪ್ರಾಂತದ ಸೆಟ್ಲಮೆಂಟ್ ಅಧಿಕಾರಿಯಾದ. ಹುಬ್ಬಳ್ಳಿಯಲ್ಲೂ ಗದಗಿನಲ್ಲೂ ಸೆಟ್ಲಮೆಂಟುಗಳು, ಅಂದರೆ ಈ ಜನರನ್ನು ಕೂಡಿಟ್ಟ ಬೇಲಿಯೊಳಗಿನ ವಸತಿಗಳು, ಎದ್ದವು. ಬೇಲಿ ಹೋಗಿ ಎಷ್ಟೋ ಕಾಲವಾದರೂ ಅಲ್ಲಿನವರು ಆ ಓಣಿಗಳನ್ನು ಈಗಲೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ.

ಸ್ಟಾರ್ಟ್ ಖಳನಾಯಕನೇನಲ್ಲ. ಶಾಲೆ ತೆರೆಸಿದ, ಕೂಲಿ ಕೊಡಿಸಿದ. 1928ರಲ್ಲಿ ಮುಂಬಯಿ ಸರ್ಕಾರ ಅಸ್ಪೃಶ್ಯರ ಮತ್ತು ಆದಿವಾಸಿಗಳ ಸ್ಥಿತಿಗತಿ ಅರಿಯಲು ನೇಮಿಸಿದ ಸಮಿತಿಗೆ ಅಧ್ಯಕ್ಷನಾದವನೂ ಇವನೇ, ಅದರಲ್ಲಿ ಡಾ. ಅಂಬೇಡ್ಕರ್ ಸದಸ್ಯರು. ಆ ಸಮಿತಿಯ ಕೆಲಸದ ಮೇಲೆ 1929ರ ಅಕ್ಟೋಬರ್‌ನಲ್ಲಿ ತಿರುಗಾಡುತ್ತಿದ್ದಾಗಲೇ ಚಾಳೀಸಗಾಂವದಲ್ಲಿ ಅಂಬೇಡ್ಕರರ ಟಾಂಗಾ ಉರುಳಿ ಕಾಲು ಮುರಿಯಿತು. ಮಹಾರನನ್ನು ಕೂರಿಸಿಕೊಂಡು ಓಡಿಸಲು ಟಾಂಗಾವಾಲಾಗಳು ಒಪ್ಪದೆ, ಓಡಿಸಲು ಬಾರದವರೊಬ್ಬರು ಲಗಾಮು ಹಿಡಿದಿದ್ದರು. 1930ರ ವರದಿ ದಲಿತ ಮಕ್ಕಳಿಗೆ ಶಾಲೆ, ವಸತಿಗೃಹ ಬೇಕೆಂದಿತು. ಒಂದು ಕೈಯಲ್ಲಿ ಹಾಜರಿ ಪುಸ್ತಕ, ಇನ್ನೊಂದು ಕೈಯಲ್ಲಿ ಸುಧಾರಣೆಯ ವರದಿ. ವಸಾಹತು ಕಾಲದ ಆಡಳಿತಕ್ಕೆ ಇವೆರಡರ ನಡುವೆ ಜಗಳವೇ ಕಾಣಲಿಲ್ಲ ಎನ್ನುವುದು ನನಗೆ ಕ್ರೌರ್ಯಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸುವ ಸಂಗತಿ.

ಈಗ ಸಮುದ್ರದ ಆಚೆ ಹೋಗೋಣ. 1946ರಲ್ಲಿ ದಕ್ಷಿಣ ಆಫ್ರಿಕಾ ಅಲ್ಲಿನ ಭಾರತೀಯರ ಭೂಮಿಯ ಹಕ್ಕಿಗೆ ಬೇಲಿ ಹಾಕುವ ಕಾನೂನು ಮಾಡಿತು. ಭಾರತ ಆ ದೇಶದೊಡನೆ ವ್ಯಾಪಾರ ನಿಲ್ಲಿಸಿ, ಆಗಷ್ಟೇ ಕಣ್ಣು ಬಿಟ್ಟಿದ್ದ ವಿಶ್ವಸಂಸ್ಥೆಗೆ ದೂರು ಕೊಂಡೊಯ್ದಿತು. ನಿಯೋಗದ ನಾಯಕಿ ವಿಜಯಲಕ್ಷ್ಮಿ ಪಂಡಿತ್. ಇದು ನಮ್ಮ ಮನೆಯೊಳಗಿನ ವಿಷಯ, ಹೊರಗಿನವರು ಕೈಹಾಕಬಾರದು ಎಂದು ದಕ್ಷಿಣ ಆಫ್ರಿಕಾದ ಪ್ರಧಾನಿ ಸ್ಮಟ್ಸ್ ವಾದಿಸಿದ. ಡಿಸೆಂಬರ್ 8ರಂದು ಮತಕ್ಕೆ ಹಾಕಿದಾಗ ಪರ 32, ವಿರುದ್ಧ 15, ತಟಸ್ಥ 7. ಬೇಕಿದ್ದ ಮೂರನೇ ಎರಡು ಬಹುಮತಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಒಂದು ಸರ್ಕಾರ ತನ್ನ ನೆಲದಲ್ಲೇ ತನ್ನ ಜನರನ್ನು ಹುಟ್ಟಿನ ಮೇಲೆ ಬೇರ್ಪಡಿಸಿದರೆ ಲೋಕಕ್ಕೆ ಕೇಳುವ ಹಕ್ಕಿದೆ ಎಂಬ ತತ್ವ ಅಂದು ಗೆದ್ದಿತು. ಗೆಲ್ಲಿಸಿದ್ದು ನಾವು. ವಿಚಿತ್ರವೆಂದರೆ ಆ ದಿನ ಭಾರತದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇನ್ನೂ ಜೀವಂತವಾಗಿತ್ತು. ಅದೇ ವರ್ಷ ಅಂಬೇಡ್ಕರರು ಅಮೆರಿಕದ ಕಪ್ಪು ಜನರ ಚಿಂತಕ ಡಬ್ಲ್ಯು.ಇ.ಬಿ. ಡು ಬಾಯ್ಸ್‌ಗೆ ಪತ್ರ ಬರೆದು, ಅಲ್ಲಿನ ಕಪ್ಪು ಜನರು ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಕೇಳಿದ್ದರು. ಅಸ್ಪೃಶ್ಯರೂ ಆ ಹಾದಿ ಹಿಡಿಯಬೇಕೆಂಬ ಯೋಚನೆ ಅವರದು.

ಮುಂದಿನ ಹಂತಕ್ಕೆ ರಕ್ತ ಬೇಕಾಯಿತು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪಾಸು ಕಾಯ್ದೆಯ ವಿರುದ್ಧ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಜನರನ್ನು ಕೊಂದರು. ಪಾಸು, ಹಾಜರಿ, ಗೊತ್ತುಪಡಿಸಿದ ಗಡಿ: ಹುಬ್ಬಳ್ಳಿ ಸೆಟ್ಲಮೆಂಟಿನ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಸ್ವಾತಂತ್ರ್ಯ ಪಡೆದು ಹೊಸದಾಗಿ ಬಂದ ಆಫ್ರಿಕದ ದೇಶಗಳ ಒತ್ತಾಯದಿಂದ 1963ರಲ್ಲಿ ಘೋಷಣೆ, 1965ರಲ್ಲಿ ಒಪ್ಪಂದ ಸಿದ್ಧವಾದವು. ಭಾರತ 1967ರಲ್ಲಿ ಸಹಿ ಹಾಕಿ 1968ರ ಡಿಸೆಂಬರ್ 3ರಂದು ಅನುಮೋದಿಸಿತು. 1969ರ ಜನವರಿ 4ರಿಂದ ಒಪ್ಪಂದ ಜಾರಿಗೆ ಬಂತು.

ಇದರ ಮೊದಲ ವಿಧಿ ಜನಾಂಗೀಯ ತಾರತಮ್ಯ ಎಂದರೇನು ಎಂದು ಹೇಳುತ್ತದೆ. ಜನಾಂಗ, ಬಣ್ಣ, ವಂಶ, ರಾಷ್ಟ್ರೀಯ ಅಥವಾ ಜನಾಂಗೀಯ ಮೂಲ ಎಂಬ ಪಟ್ಟಿ ಅಲ್ಲಿದೆ. ಕರಡು ಚರ್ಚೆಯಲ್ಲಿ ವಂಶವನ್ನು ಸೇರಿಸಬೇಕೆಂದು ತಿದ್ದುಪಡಿ ತಂದ ದೇಶ ಭಾರತವೇ. ಮೂರು ದಶಕ ಕಳೆದ ಮೇಲೆ ನಮ್ಮ ಪ್ರತಿನಿಧಿಗಳು ಜಿನೀವಾದಲ್ಲಿ ಬೆವರು ಒರೆಸಿಕೊಂಡದ್ದು ಈ ತಿದ್ದುಪಡಿಯ ದೆಸೆಯಿಂದ. ಆ ಮಾತಿಗೆ ಆಮೇಲೆ ಬರುತ್ತೇನೆ.

ಒಪ್ಪಂದ ಪಾಲನೆಯಾಗುತ್ತಿದೆಯೇ ಎಂದು ನೋಡಲು 18 ಜನರ ಸಮಿತಿ. ಸದಸ್ಯ ದೇಶಗಳು ಇವರನ್ನು ನಾಲ್ಕು ವರ್ಷಕ್ಕೆ ಆರಿಸುತ್ತವೆ, ಆದರೆ ಕೂರುವಾಗ ಅವರು ತಮ್ಮ ದೇಶದ ವಕೀಲರಲ್ಲ. ಪ್ರತಿ ದೇಶವೂ ಎರಡು ವರ್ಷಕ್ಕೊಮ್ಮೆ ವರದಿ ಒಪ್ಪಿಸಬೇಕು. ಸಮಿತಿ ಅದನ್ನು ಓದುತ್ತದೆ, ಸರ್ಕಾರದ ನಿಯೋಗವನ್ನು ಎದುರಿಗೆ ಕೂರಿಸಿ ಪ್ರಶ್ನೆ ಕೇಳುತ್ತದೆ, ಕಡೆಗೆ ತನ್ನ ಅಭಿಪ್ರಾಯ ಬರೆದು ಪ್ರಕಟಿಸುತ್ತದೆ. ಸರ್ಕಾರ ಹೇಳದೆ ಬಿಟ್ಟದ್ದನ್ನು ಸಂಘಟನೆಗಳು ಪ್ರತ್ಯೇಕ ವರದಿಯಲ್ಲಿ ಬರೆದು ಕಳಿಸಬಹುದು. ದಂಡವಿಲ್ಲ, ಪೊಲೀಸರಿಲ್ಲ, ಜೈಲಿಲ್ಲ. 1970ರ ಜನವರಿಯಲ್ಲಿ ಮೊದಲ ಸಭೆ ಸೇರಿದ ಇದು ಮಾನವ ಹಕ್ಕು ಒಪ್ಪಂದಗಳ ಮೇಲೆ ಕಣ್ಣಿಡಲು ವಿಶ್ವಸಂಸ್ಥೆಯಲ್ಲಿ ಹುಟ್ಟಿದ ಮೊತ್ತಮೊದಲ ಸಮಿತಿ. ಮಹಿಳೆಯರಿಗೆ, ಮಕ್ಕಳಿಗೆ, ಚಿತ್ರಹಿಂಸೆಯ ವಿರುದ್ಧ ಆಮೇಲೆ ಬಂದವೆಲ್ಲ ಇದರ ಅಚ್ಚಿನಲ್ಲೇ ಮೂಡಿದವು.

ಅದರ ಖರ್ಚಿನ ಸಂಗತಿ ಚಿಕ್ಕಪಡಸಲಗಿಯವರಿಗೆ ಚೆನ್ನಾಗಿ ಅರ್ಥವಾದೀತು. ಮೊದಲ ದಶಕಗಳಲ್ಲಿ ಸದಸ್ಯರ ಪ್ರಯಾಣ, ವಾಸ್ತವ್ಯದ ವೆಚ್ಚವನ್ನು ಒಪ್ಪಂದದ ದೇಶಗಳೇ ವಂತಿಗೆ ಹಾಕಿ ಕೊಡಬೇಕಿತ್ತು. ದೊಡ್ಡ ಮೊತ್ತವೇನಲ್ಲ. ಆದರೂ ಎಷ್ಟೋ ದೇಶಗಳು ಬಾಕಿ ಉಳಿಸಿಕೊಂಡವು, 1980ರ ದಶಕದ ಕೊನೆಯರ್ಧದಲ್ಲಿ ಹಣವಿಲ್ಲದೆ ಸಮಿತಿಯ ಸಭೆಗಳು ಮೊಟಕಾದವು, ಕೆಲವು ನಡೆಯಲೇ ಇಲ್ಲ. ವರ್ಣಭೇದವನ್ನು ಖಂಡಿಸಿ ವೇದಿಕೆಯ ಮೇಲೆ ಗುಡುಗಿದವರು ಸಭೆಯ ಖರ್ಚಿಗೆ ಕೈ ಬಿಚ್ಚಲಿಲ್ಲ. ಅದೇ ಹೊತ್ತಿನಲ್ಲಿ, 1989ರಲ್ಲಿ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಈ ಸೀಮೆಯ ರೈತರು ಸರ್ಕಾರಕ್ಕೆ ಕಾಯದೆ ತಮ್ಮದೇ ಪಟ್ಟಿ ಹಣ, ತಮ್ಮದೇ ರಟ್ಟೆಯಿಂದ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿ ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಜಿನೀವಾದ ಸಮಿತಿಗೆ ಅಂಥ ಪಟ್ಟಿ ಹಾಕುವವರು ಸಿಗಲಿಲ್ಲ. 1992ರಲ್ಲಿ ಖರ್ಚನ್ನು ವಿಶ್ವಸಂಸ್ಥೆಯ ಮಾಮೂಲು ಬಜೆಟ್ಟಿಗೆ ವರ್ಗಾಯಿಸಲು ತೀರ್ಮಾನವಾದ ಮೇಲೆ ಅದು ಉಸಿರಾಡಿತು.

ಆ ಬಡತನದ ದಿನಗಳಲ್ಲಿ ಸಮಿತಿಯಲ್ಲಿದ್ದ ಭಾರತೀಯರಲ್ಲಿ ಶಾಂತಿ ಸಾದಿಕ್ ಅಲಿ ಒಬ್ಬರು. ದಖನ್ನಿಗೆ ಬಂದು ನೆಲೆಸಿದ ಆಫ್ರಿಕದ ಮೂಲದವರ ಮೇಲೆ ಅವರು ಬರೆದ ಪುಸ್ತಕ 1990ರ ದಶಕದಲ್ಲಿ ಬಂತು. ಆದಿಲ್‌ಶಾಹಿ ವಿಜಾಪುರದಲ್ಲಿ ಇಖ್ಲಾಸ್ ಖಾನ್‌ನಂಥ ಹಬಶಿಗಳು ಮಂತ್ರಿಪದವಿಗೇರಿದ್ದರು. ಅವರದೇ ಖಂಡದಿಂದ ಗುಲಾಮರಾಗಿ ಬಂದವರ ವಂಶಸ್ಥರು, ನಮ್ಮ ಸಿದ್ದಿಗಳು, ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಕೂಲಿನಾಲಿ ಮಾಡಿಕೊಂಡಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡವಾಗಲು 2003ರ ತನಕ ಕಾಯಬೇಕಾಯಿತು. ಬಣ್ಣದ ತಾರತಮ್ಯ ನಮ್ಮಲ್ಲಿಲ್ಲ ಎನ್ನುವವರು ಒಮ್ಮೆ ಆ ಕಡೆ ಹೋಗಿ ಬರಲಿ. ಹೋಗದಿದ್ದರೂ ಸರಿ. 2016ರ ಜನವರಿ ಕೊನೆಗೆ ಬೆಂಗಳೂರಿನಲ್ಲಿ ಬೇರೆ ಯಾರೋ ಮಾಡಿದ ಅಪಘಾತಕ್ಕೆ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಮುಗಿಬಿದ್ದದ್ದನ್ನು ನೆನೆಯಲಿ.

ಸರಿ, ವಂಶದ ಮಾತು. 1996ರಲ್ಲಿ ಭಾರತದ ವರದಿ ಪರಿಶೀಲನೆಗೆ ಬಂದಾಗ, ಜಾತಿ ಈ ಒಪ್ಪಂದದ ವ್ಯಾಪ್ತಿಗೆ ಬರುವುದಿಲ್ಲ, ಇಲ್ಲಿ ವಂಶವೆಂದರೆ ಜನಾಂಗಕ್ಕೆ ಸಂಬಂಧಿಸಿದ್ದು ಮಾತ್ರ ಎಂದು ನಮ್ಮ ಸರ್ಕಾರ ಹೇಳಿತು. ಸಮಿತಿ ಒಪ್ಪಲಿಲ್ಲ; ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಸ್ಥಿತಿ ಒಪ್ಪಂದದೊಳಗೇ ಬರುತ್ತದೆ ಎಂದು ಬರೆಯಿತು. 2001ರಲ್ಲಿ ಡರ್ಬನ್ ನಗರದಲ್ಲಿ ವಿಶ್ವಸಮ್ಮೇಳನ ನಡೆದಾಗ ಜಗಳ ಬೀದಿಗೆ ಬಂತು. ಬೆಂಗಳೂರಿನ ರೂತ್ ಮನೋರಮಾ ಮುಂತಾದ ದಲಿತ ಮುಂದಾಳುಗಳು ಅಲ್ಲಿ ಜಾತಿಯ ಮಾತೆತ್ತಿದರು. ಅಂತಿಮ ಘೋಷಣೆಯಲ್ಲಿ ಜಾತಿಯ ಹೆಸರು ಬಾರದಂತೆ ಭಾರತ ಸರ್ಕಾರ ನೋಡಿಕೊಂಡಿತು. ಜಾತಿಯನ್ನು ಜನಾಂಗವೆನ್ನುವುದು ಅವೈಜ್ಞಾನಿಕ ಎಂದು ಸಮಾಜಶಾಸ್ತ್ರಜ್ಞ ಆಂದ್ರೆ ಬೆತೇಯಿ ಅದೇ ವರ್ಷ ಬರೆದರು. ಶಾಸ್ತ್ರದ ದೃಷ್ಟಿಯಿಂದ ಅವರ ಮಾತು ಸರಿ. ಜಾತಿಗೂ ಜನಾಂಗಕ್ಕೂ ರಕ್ತಸಂಬಂಧ ಹುಡುಕುವುದು ವಸಾಹತು ಕಾಲದ ಅಳತೆಗೋಲಿನವರ ಹುಚ್ಚು. ಆದರೆ ಒಪ್ಪಂದ ಕೇಳುವುದು ಬೇರೆ ಪ್ರಶ್ನೆ: ಯಾರ ಹೊಟ್ಟೆಯಲ್ಲಿ ಹುಟ್ಟಿದ ಎಂಬ ಕಾರಣಕ್ಕೆ ಮನುಷ್ಯನನ್ನು ಹೊರಗಿಡುತ್ತೀರಾ? ಇದಕ್ಕೆ ತಲೆಬುರುಡೆ ಅಳೆಯುವ ಅಗತ್ಯವಿಲ್ಲ. 2002ರಲ್ಲಿ ಸಮಿತಿ ತನ್ನ 29ನೇ ಸಾಮಾನ್ಯ ಶಿಫಾರಸಿನಲ್ಲಿ ವಂಶದೊಳಗೆ ಜಾತಿಯೂ ಸೇರುತ್ತದೆ ಎಂದು ಸ್ಪಷ್ಟಪಡಿಸಿತು. 2007ರ ಫೆಬ್ರುವರಿಯಲ್ಲಿ ಭಾರತದ ನಿಯೋಗ ಹಳೆಯ ವಾದವನ್ನೇ ಮತ್ತೆ ಮಂಡಿಸಿತು.

ಅಪರಾಧಿ ಬುಡಕಟ್ಟುಗಳ ವಿಷಯದಲ್ಲಿ ಈ ತಕರಾರಿಗೂ ಎಡೆಯಿರಲಿಲ್ಲ. ಅದು ಊರ ರೂಢಿಯಲ್ಲ, ಸರ್ಕಾರವೇ ಬರೆದ ಕಾನೂನು. ತಾರತಮ್ಯ ಹುಟ್ಟಿಸುವ ಅಥವಾ ಉಳಿಸುವ ಕಾನೂನುಗಳನ್ನು ತಿದ್ದಬೇಕು, ರದ್ದು ಮಾಡಬೇಕು ಎಂದು ಒಪ್ಪಂದದ 2ನೇ ವಿಧಿ ಹೇಳುತ್ತದೆ. 11ನೇ ಪ್ಯಾರಾ ಬೆರಳಿಟ್ಟದ್ದು ಅಲ್ಲಿಗೆ. ಅದೂ ಆಕಾಶದಿಂದ ಉದುರಿದ್ದಲ್ಲ. 1998ರಲ್ಲಿ ಲೇಖಕಿ ಮಹಾಶ್ವೇತಾ ದೇವಿ, ‘ಉಚಲ್ಯಾ’ ಬರೆದ ಲಕ್ಷ್ಮಣ ಗಾಯಕವಾಡ ಹಾಗೂ ಮುಂದೆ ಧಾರವಾಡಕ್ಕೆ ಬಂದು ನೆಲೆಸಿದ ಗಣೇಶ ದೇವಿ ಹಳೆಯ ಅಪರಾಧಿ ಪಟ್ಟಿಯಿಂದ ಹೊರಬಂದ ವಿಮುಕ್ತ ಸಮುದಾಯಗಳ ಹಕ್ಕಿಗಾಗಿ ಗುಂಪು ಕಟ್ಟಿದ್ದರು. 2000ದಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೂ ಚಾಳಿಬಿದ್ದ ಅಪರಾಧಿಗಳ ಕಾಯ್ದೆ ತೆಗೆದುಹಾಕಿ ಎಂದಿತ್ತು.

ಹಳೆಯ ಕಾಯ್ದೆ ಸತ್ತದ್ದು 1952ರ ಆಗಸ್ಟ್ 31ಕ್ಕೆ. ಆ ದಿನವನ್ನು ವಿಮುಕ್ತ ದಿನವೆಂದು ಆಚರಿಸುತ್ತಾರೆ. ಆದರೆ ಅದರ ಜಾಗದಲ್ಲಿ ರಾಜ್ಯಗಳು ಚಾಳಿಬಿದ್ದ ಅಪರಾಧಿಗಳ ಕಾಯ್ದೆಗಳನ್ನು ತಂದವು. ನಮ್ಮ ರಾಜ್ಯದ್ದು 1961ರದು. ಆಗ ಮುಖ್ಯಮಂತ್ರಿ ಬಿ.ಡಿ. ಜತ್ತಿ, ಇದೇ ಜಮಖಂಡಿ ತಾಲ್ಲೂಕಿನ ಸಾವಳಗಿಯವರು, ಜಮಖಂಡಿ ಸಂಸ್ಥಾನದ ಕಡೆಯ ದಿನಗಳಲ್ಲಿ ದಿವಾನರಾಗಿದ್ದವರು. ಹುಟ್ಟಿನ ಮೇಲುಕೀಳನ್ನು ಒಪ್ಪದ ಶರಣರ ಮಾತನ್ನು ಊರೂರಿಗೆ ಮುಟ್ಟಿಸಲು 1964ರಲ್ಲಿ ಬಸವ ಸಮಿತಿ ಕಟ್ಟಿದವರೂ ಅವರೇ. ಇದನ್ನು ಅವರ ತಪ್ಪೆಂದು ತೋರಿಸುವುದು ನನ್ನ ಉದ್ದೇಶವಲ್ಲ. ಹೊಸ ಕಾಯ್ದೆಯ ಅಕ್ಷರದಲ್ಲಿ ಜಾತಿಯಿಲ್ಲ, ಮತ್ತೆ ಮತ್ತೆ ಶಿಕ್ಷೆಯಾದ ವ್ಯಕ್ತಿಯಷ್ಟೇ ಇದ್ದಾನೆ. ಅಂದಿನ ಶಾಸಕರಿಗೆ ಅದು ಸುಧಾರಣೆಯೆಂದೇ ತೋರಿರಬೇಕು. ಆದರೆ ನೋಂದಣಿ, ಚಲನವಲನದ ಮೇಲೆ ನಿರ್ಬಂಧ, ಠಾಣೆಯ ಪುಸ್ತಕ, ಎಲ್ಲವೂ ಹಳೆಯ ಸಾಮಾನು. ಊರಲ್ಲಿ ಕಳವಾದರೆ ಪೊಲೀಸರು ಮೊದಲು ಯಾರ ಗುಡಿಸಲಿಗೆ ಹೋಗುತ್ತಾರೆ ಎಂಬುದನ್ನು ಯಾವ ಕಾಯ್ದೆಯ ಅಕ್ಷರವೂ ಹೇಳುವುದಿಲ್ಲ.

ಸೆಟ್ಲಮೆಂಟಿನಿಂದ ಹೊರಬಂದವರ ಗತಿ ಇನ್ನೊಂದು ರೀತಿಯ ಗೋಜಲು. ಒಂದೇ ಕಾಯ್ದೆ ಒಂದೇ ಬೇಲಿಯೊಳಗೆ ಕೂಡಿಟ್ಟ ಮೂವರಲ್ಲಿ ಗಂಟಿಚೋರರು ಇಂದು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ, ಹರಣಶಿಕಾರಿಗಳು ಪಾರ್ಧಿಗಳ ಜೊತೆ ಪರಿಶಿಷ್ಟ ಪಂಗಡದಲ್ಲಿ, ಛಪ್ಪರಬಂದರು ಹಿಂದುಳಿದ ವರ್ಗದ ಪ್ರವರ್ಗ 1ರಲ್ಲಿ. ಶಿಕ್ಷೆಗೆ ಒಂದೇ ಪಟ್ಟಿ, ಪರಿಹಾರಕ್ಕೆ ಮೂರು. ಹಾಗಾಗಿ ಮೂವರೂ ಒಟ್ಟಿಗೆ ನಿಂತು ತಮಗಾದ ಅನ್ಯಾಯವನ್ನು ಒಂದೇ ಅನ್ಯಾಯವೆಂದು ಹೇಳಲು ಆಡಳಿತದ ಯಾವ ಮೇಜೂ ಇಲ್ಲ. 2008ರಲ್ಲಿ ರೇಣಕೆ ಆಯೋಗ, ಆಮೇಲೆ ಇದಾತೆ ಆಯೋಗ ದೇಶದ ಮಟ್ಟದಲ್ಲಿ ವಿಮುಕ್ತ ಮತ್ತು ಅಲೆಮಾರಿಗಳ ಲೆಕ್ಕ ಹಾಕಲು ನೋಡಿದವು, ಯಾವ ಪಟ್ಟಿಗೂ ಸೇರದೆ ಉಳಿದವರೂ ಇದ್ದಾರೆಂದು ತೋರಿಸಿದವು. ಪಟ್ಟಿಗೆ ಸೇರಿಸುವ ಕೆಲಸ ಇನ್ನೂ ಕುಂಟುತ್ತಿದೆ.

11ನೇ ಪ್ಯಾರಾಕ್ಕೆ ತೀರ ಹತ್ತಿರದ ಉತ್ತರ ಬಂದದ್ದು ಸರ್ಕಾರದಿಂದಲ್ಲ, ಸುಪ್ರೀಂ ಕೋರ್ಟಿನಿಂದ. ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುತ್ತಾರೆ, ವಿಮುಕ್ತ ಬುಡಕಟ್ಟಿನವರನ್ನು ಚಾಳಿಬಿದ್ದ ಅಪರಾಧಿಗಳೆಂದೇ ಎಣಿಸುತ್ತಾರೆ ಎಂದು ಪತ್ರಕರ್ತೆ ಸುಕನ್ಯಾ ಶಾಂತಾ ಹೂಡಿದ ಅರ್ಜಿಯಲ್ಲಿ 2024ರ ಅಕ್ಟೋಬರ್ 3ರಂದು ತೀರ್ಪು ಬಂತು. ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡರ ಪೀಠ ಆ ನಿಯಮಗಳನ್ನು ಸಂವಿಧಾನಬಾಹಿರವೆಂದು ಸಾರಿತು, ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಾಲಂ ತೆಗೆಯಲು ಹೇಳಿತು. 1871ರ ಕಾಯ್ದೆಯ ಇತಿಹಾಸವನ್ನೂ ತೀರ್ಪು ಬಿಡಿಸಿಟ್ಟಿತು.

ಈ ಸೀಮೆಯ ಗಂಟಿಚೋರನೊಬ್ಬನಿಗೋ ಹರಣಶಿಕಾರಿಯೊಬ್ಬಳಿಗೋ ಇಂದು ದೂರಿದ್ದರೆ ಜಿನೀವಾಕ್ಕೆ ಬರೆಯಲು ಆಗುವುದಿಲ್ಲ. ವ್ಯಕ್ತಿಗಳ ದೂರು ಕೇಳುವ ಅಧಿಕಾರ ಸಮಿತಿಗೆ ಒಪ್ಪಂದದ 14ನೇ ವಿಧಿಯಲ್ಲಿದೆ. ಆದರೆ ದೇಶ ಅದನ್ನು ಪ್ರತ್ಯೇಕವಾಗಿ ಒಪ್ಪಿದರೆ ಮಾತ್ರ, ಭಾರತ ಒಪ್ಪಿಲ್ಲ. ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ಯುವ 22ನೇ ವಿಧಿಗೂ ನಾವು ತಕರಾರು ಹಾಕಿಯೇ ಸಹಿ ಮಾಡಿದ್ದು. ಉಳಿದದ್ದು ಹೈಕೋರ್ಟು. ಜಮಖಂಡಿ, ಮುಧೋಳ, ಬೀಳಗಿಯವರು ಧಾರವಾಡ ಪೀಠಕ್ಕೆ ಹೋಗಬೇಕು. ಸಾವಳಗಿ ದಾಟಿ ವಿಜಯಪುರ ಜಿಲ್ಲೆಗೆ ಕಾಲಿಟ್ಟರೆ ಅಲ್ಲಿನ ಅದೇ ಸಮುದಾಯದ ಬೀಗರು ಕಲಬುರಗಿ ಪೀಠಕ್ಕೆ.